ಹನಿಯ ಜಾಡು ಹಿಡಿದ ಸಿಮ್ಖಾ ಬ್ಲಾಸ್

ನಿಮ್ಮ ಶಾಲೆಯ ನಲ್ಲಿಯ ವಾಷರ್ ಸವೆದಿದೆ ಎಂದಿಟ್ಟುಕೊಳ್ಳಿ. ಎಷ್ಟೇ ಬಿಗಿಯಾಗಿ ತಿರುಗಿಸಿದರೂ ಸೆಕೆಂಡಿಗೊಂದು ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಇಪ್ಪತ್ತು ಹನಿ ಸೇರಿದರೆ ಸುಮಾರು 1 ಮಿಲಿಲೀಟರ್ ನೀರು. ಗಂಟೆಗೆ 3,600 ಹನಿ, ಅಂದರೆ 180 ಮಿಲಿಲೀಟರ್. ಇಡೀ ದಿನಕ್ಕೆ ಲೆಕ್ಕ ಹಾಕಿದರೆ ನಾಲ್ಕು ಲೀಟರಿಗೂ ಹೆಚ್ಚು. ಇದನ್ನು ನಾವು ನೀರಿನ ಪೋಲು ಎನ್ನುತ್ತೇವೆ. ಅದು ನಿಜವೂ ಹೌದು. ಆದರೆ ಆ ನಲ್ಲಿಯ ಬುಡದಲ್ಲಿ ಒಂದು ಕೆಸುವಿನ ಗಿಡವೋ ಬಾಳೆಯೋ ಇದ್ದರೆ ಅದನ್ನೊಮ್ಮೆ ನೋಡಿ. ಅಂಗಳದ ಉಳಿದ ಗಿಡಗಳೆಲ್ಲ ಬಿಸಿಲಿಗೆ ಬಾಡಿದ್ದರೂ ಅದು ಮಾತ್ರ ಹಸಿರಾಗಿ ಸೊಂಪಾಗಿ ನಿಂತಿರುತ್ತದೆ.

ಇಂಥದ್ದೇ ಒಂದು ಸೋರುವ ಕೊಳವೆ, ಅದರ ಪಕ್ಕದಲ್ಲಿ ಎತ್ತರವಾಗಿ ಬೆಳೆದ ಒಂದು ಮರ, ಇವೆರಡನ್ನು ಸುಮಾರು ತೊಂಬತ್ತು ವರ್ಷಗಳ ಹಿಂದೆ ಒಬ್ಬ ಇಂಜಿನಿಯರ್ ನೋಡಿದರು. ಅನೇಕರು ನೋಡಿ ಮುಂದೆ ಹೋಗಿರಬಹುದಾದ ಸಂಗತಿ ಅದು. ಅವರು ಮಾತ್ರ ಅದನ್ನು ಮರೆಯಲಿಲ್ಲ. ಇಂದು ನಮ್ಮ ದ್ರಾಕ್ಷಿ, ದಾಳಿಂಬೆ, ಅಡಿಕೆ ತೋಟಗಳಲ್ಲಿ ನೆಲದ ಮೇಲೆ ಹಾವಿನಂತೆ ಮಲಗಿರುವ ಕಪ್ಪು ಕೊಳವೆಗಳು ಆ ನೆನಪಿನ ಫಲ. ಆ ಇಂಜಿನಿಯರ್ ಹೆಸರು ಸಿಮ್ಖಾ ಬ್ಲಾಸ್.

ವಾರ್ಸಾದಿಂದ ಒಣನಾಡಿಗೆ

ಸಿಮ್ಖಾ ಬ್ಲಾಸ್ ಹುಟ್ಟಿದ್ದು 1897ರಲ್ಲಿ, ಪೋಲೆಂಡಿನ ವಾರ್ಸಾ ನಗರದ ಒಂದು ಯಹೂದಿ ಕುಟುಂಬದಲ್ಲಿ. ಹೀಬ್ರೂ ಭಾಷೆಯಲ್ಲಿ ಸಿಮ್ಖಾ ಎಂದರೆ ಸಂತೋಷ. ಆ ಕಾಲದಲ್ಲಿ ಪೋಲೆಂಡ್ ಸ್ವತಂತ್ರವಾಗಿರಲಿಲ್ಲ. ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಬ್ಲಾಸ್ ಅಲ್ಲಿಯೇ ತಾಂತ್ರಿಕ ಶಿಕ್ಷಣ ಪಡೆದು ಇಂಜಿನಿಯರ್ ಆದರು. ಹೊಸ ಯಂತ್ರಗಳನ್ನು ರಚಿಸುವ ಹುಚ್ಚು ಅವರಿಗೆ ಯೌವನದಿಂದಲೇ ಇತ್ತು.

1930ರಲ್ಲಿ ಅವರು ಪೋಲೆಂಡ್ ಬಿಟ್ಟು ಪ್ಯಾಲೆಸ್ಟೈನಿಗೆ ಬಂದರು. ಆಗ ಆ ನಾಡು ಬ್ರಿಟಿಷರ ಆಡಳಿತದಲ್ಲಿತ್ತು. ಹಿಮ ಬೀಳುವ, ವರ್ಷವಿಡೀ ತುಂಬಿ ಹರಿಯುವ ನದಿಗಳ ದೇಶದಿಂದ ಬಂದವರಿಗೆ ಇದು ಬೇರೆಯೇ ಲೋಕ. ಅಲ್ಲಿ ಚಳಿಗಾಲದ ಕೆಲವು ತಿಂಗಳು ಮಾತ್ರ ಮಳೆ. ಬೇಸಿಗೆಯ ಉದ್ದಕ್ಕೂ ಆಕಾಶದಿಂದ ಒಂದು ಹನಿಯೂ ಬೀಳುವುದಿಲ್ಲ. ಉತ್ತರದಲ್ಲಿ ಸಾಕಷ್ಟು ನೀರಿದೆ, ದಕ್ಷಿಣಕ್ಕೆ ಹೋದಂತೆ ನೆಲ ಒಣಗುತ್ತ ನೆಗೆವ್ ಮರುಭೂಮಿಯಾಗುತ್ತದೆ. ನೆಗೆವ್‌ನ ಅಂಚಿನಲ್ಲಿರುವ ಬೇರ್‌ಷೆಬಾ ಊರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಕರ್ನಾಟಕದ ಅತಿ ಒಣ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿಯೂ ಇದರ ಸುಮಾರು ಎರಡರಷ್ಟು ಮಳೆಯಾಗುತ್ತದೆ!

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಆ ನೆಲ ಯಾರದು, ಅಲ್ಲಿನ ನೀರು ಯಾರದು ಎಂಬ ಬಗ್ಗೆ ಅರಬ್ಬರಿಗೂ ಯಹೂದಿಗಳಿಗೂ ಆಗಲೇ ದೊಡ್ಡ ಜಗಳವಿತ್ತು. ಅದು ಇಂದಿಗೂ ಮುಗಿದಿಲ್ಲ. ನೀರಿನ ಇಂಜಿನಿಯರ್ ಒಬ್ಬರ ಬದುಕು ಆ ಜಗಳದಿಂದ ದೂರ ಉಳಿಯುವುದು ಸಾಧ್ಯವಿರಲಿಲ್ಲ.

ಬ್ಲಾಸ್ ಊರುಗಳಿಗೆ ನೀರು ತರುವ ಕೊಳವೆ ಮಾರ್ಗಗಳನ್ನು ಯೋಜಿಸುವ ಕೆಲಸದಲ್ಲಿ ತೊಡಗಿದರು. ಮರದ ಪ್ರಸಂಗ ನಡೆದದ್ದು ಈ ಆರಂಭದ ವರ್ಷಗಳಲ್ಲಿಯೇ.

ನೆಲದೊಳಗಿನ ಈರುಳ್ಳಿ

ಒಬ್ಬ ರೈತರು ತಮ್ಮ ಜಾಗದಲ್ಲಿದ್ದ ಒಂದು ದೊಡ್ಡ ಮರವನ್ನು ಬ್ಲಾಸ್ ಅವರಿಗೆ ತೋರಿಸಿದರು. ಅದೇ ಸಾಲಿನ ಉಳಿದ ಮರಗಳು ಕುಳ್ಳಾಗಿದ್ದವು, ಇದೊಂದು ಮಾತ್ರ ಅವುಗಳನ್ನು ಮೀರಿ ಬೆಳೆದಿತ್ತು. ಅದಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಮಣ್ಣು ಒಂದೇ, ಬಿಸಿಲು ಒಂದೇ. ಹಾಗಾದರೆ ಈ ಮರಕ್ಕೆ ಮಾತ್ರ ಏನು ಸಿಗುತ್ತಿದೆ?

ಹತ್ತಿರದಲ್ಲಿ ಒಂದು ನೀರಿನ ಕೊಳವೆ ಹಾದುಹೋಗಿತ್ತು. ಅದರ ಜೋಡಣೆಯೊಂದು ಸಡಿಲವಾಗಿ ಅಲ್ಲಿಂದ ಹನಿ ಹನಿಯಾಗಿ ನೀರು ಸೋರುತ್ತಿತ್ತು. ಮೇಲೆ ನೋಡಿದರೆ ನೆಲದಲ್ಲಿ ಒಂದು ಸಣ್ಣ ಒದ್ದೆ ಕಲೆ, ಅಷ್ಟೆ. ಇಷ್ಟು ನೀರಿನಿಂದ ಅಷ್ಟು ದೊಡ್ಡ ಮರ ಬದುಕುವುದೇ? ಅನುಮಾನ ಬಂದು ಅಗೆದು ನೋಡಿದಾಗ ಉತ್ತರ ಸಿಕ್ಕಿತು. ಮೇಲಿನ ಸಣ್ಣ ಕಲೆಯ ಕೆಳಗೆ ಒದ್ದೆ ಮಣ್ಣು ಅಗಲವಾಗುತ್ತ ಹೋಗಿ ಈರುಳ್ಳಿಯ ಆಕಾರ ತಾಳಿತ್ತು. ಮರದ ಬೇರುಗಳು ಆ ಈರುಳ್ಳಿಯೊಳಗೆ ಹೆಣೆದುಕೊಂಡಿದ್ದವು.

ಹೀಗೇಕೆ ಆಗುತ್ತದೆ? ಬಕೆಟ್ಟಿನಿಂದ ಒಮ್ಮೆಲೇ ನೀರು ಸುರಿದಾಗ ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬುತ್ತದೆ. ಹೆಚ್ಚಿನ ನೀರು ಗುರುತ್ವದ ಸೆಳೆತಕ್ಕೆ ಬೇರಿಗೂ ಸಿಗದಷ್ಟು ಆಳಕ್ಕೆ ಇಳಿದುಹೋಗುತ್ತದೆ. ಮೇಲೆ ಹರಡಿದ ನೀರು ಬಿಸಿಲಿಗೆ ಆವಿಯಾಗುತ್ತದೆ. ನೀರು ತುಂಬಿರುವಷ್ಟು ಹೊತ್ತು ಬೇರಿಗೆ ಗಾಳಿಯೂ ಸಿಗುವುದಿಲ್ಲ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು ಎಂಬುದು ನಿಮಗೆ ಗೊತ್ತಿದೆಯಲ್ಲವೇ? ಆದರೆ ನೀರು ಹನಿ ಹನಿಯಾಗಿ ಬಿದ್ದರೆ ಮಣ್ಣು ಅದನ್ನು ಹೀರಿಕೊಳ್ಳಲು ಸಮಯವಿರುತ್ತದೆ. ಸೀಮೆಎಣ್ಣೆ ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ, ಮಣ್ಣಿನ ಕಣಗಳ ನಡುವಿನ ಸೂಕ್ಷ್ಮ ದಾರಿಗಳಲ್ಲಿ ನೀರು ಪಕ್ಕಕ್ಕೂ ಹರಿದಾಡುತ್ತದೆ. ದೊಡ್ಡ ರಂಧ್ರಗಳಲ್ಲಿ ಗಾಳಿ ಹಾಗೆಯೇ ಉಳಿಯುತ್ತದೆ. ಬೇರಿಗೆ ನೀರೂ ಉಂಟು, ಗಾಳಿಯೂ ಉಂಟು.

ಈರುಳ್ಳಿಯ ಆಕಾರ ಎಲ್ಲೆಡೆ ಒಂದೇ ಅಲ್ಲ. ಮರಳು ಮಣ್ಣಿನಲ್ಲಿ ನೀರು ಬೇಗ ಕೆಳಗಿಳಿಯುವುದರಿಂದ ಅದು ಮೂಲಂಗಿಯಂತೆ ಉದ್ದವಾಗಿರುತ್ತದೆ. ನಮ್ಮ ಬಯಲುಸೀಮೆಯ ಕಪ್ಪು ಎರೆಮಣ್ಣಿನಲ್ಲಿ ನೀರು ಪಕ್ಕಕ್ಕೆ ಹೆಚ್ಚು ಹರಡಿ ಅದು ಚಪ್ಪಟೆಯಾಗುತ್ತದೆ. ಆದ್ದರಿಂದ ಮರಳು ನೆಲದಲ್ಲಿ ಹನಿ ಬೀಳುವ ಜಾಗಗಳು ಹತ್ತಿರ ಹತ್ತಿರ ಇರಬೇಕು, ಎರೆ ನೆಲದಲ್ಲಿ ದೂರವಿದ್ದರೂ ನಡೆಯುತ್ತದೆ.

ಹನಿ ನೀರಿನಿಂದ ಗಿಡ ಬೆಳೆಸುವುದು ಅದಕ್ಕೂ ಮುಂಚೆ ಜಗತ್ತಿಗೆ ತಿಳಿದಿರಲಿಲ್ಲ ಎಂದಲ್ಲ. ಗಿಡದ ಬುಡದಲ್ಲಿ ಮಣ್ಣಿನ ಮಡಕೆ ಹೂತು ನೀರು ತುಂಬುವ ಕ್ರಮವನ್ನು ಚೀನಾದವರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ನಮ್ಮ ಮೇಘಾಲಯದ ಖಾಸಿ, ಜೈಂತಿಯಾ ಬೆಟ್ಟಗಳ ರೈತರು ತೊರೆಯ ನೀರನ್ನು ಸೀಳಿದ ಬಿದಿರಿನಲ್ಲಿ ನೂರಾರು ಮೀಟರ್ ದೂರ ಹರಿಸಿ, ಕವಲು ಕವಲಾಗಿ ಒಡೆದು, ವೀಳ್ಯದೆಲೆ ಮತ್ತು ಮೆಣಸಿನ ಬಳ್ಳಿಯ ಬುಡಕ್ಕೆ ತಲುಪಿಸುತ್ತಾರೆ. ಹೊರಡುವಾಗ ನಿಮಿಷಕ್ಕೆ 18ರಿಂದ 20 ಲೀಟರ್ ಇರುವ ನೀರು ಬಳ್ಳಿಯ ಬಳಿ ಬರುವಾಗ ನಿಮಿಷಕ್ಕೆ 20ರಿಂದ 80 ಹನಿಯಾಗಿರುತ್ತದೆ. ಇದು ಯಾವ ಇಂಜಿನಿಯರಿಗೂ ಕಡಿಮೆಯಿಲ್ಲದ ಜಾಣ್ಮೆ. ಬ್ಲಾಸ್ ಮುಂದಿದ್ದ ಪ್ರಶ್ನೆ ಬೇರೆ. ಸಾವಿರಾರು ಗಿಡಗಳಿರುವ ಹೊಲದಲ್ಲಿ, ಒತ್ತಡದಲ್ಲಿ ನುಗ್ಗಿ ಬರುವ ಕೊಳವೆ ನೀರನ್ನು ಪ್ರತಿ ಗಿಡದ ಬಳಿಯೂ ಒಂದೇ ಸಮನೆ ಹನಿಯಾಗಿಸುವುದು ಹೇಗೆ?

ತೂತು ಕೊರೆದರೆ ಸಾಲದೇ?

ಕೊಳವೆಗೆ ಸಣ್ಣ ತೂತುಗಳನ್ನು ಕೊರೆದರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿದು ಬರುವ ನೀರಿಗೆ 1 ಮಿಲಿಮೀಟರ್ ಅಗಲದ ತೂತು ಸಿಕ್ಕರೆ ಗಂಟೆಗೆ 20 ಲೀಟರಿಗೂ ಹೆಚ್ಚು ನೀರು ಚಿಮ್ಮುತ್ತದೆ. ಅದು ಹನಿಯಲ್ಲ, ಪಿಚಕಾರಿ. ಗಂಟೆಗೆ 2 ಲೀಟರ್ ಮಾತ್ರ ಬರಬೇಕೆಂದರೆ ತೂತಿನ ಅಗಲ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬೇಕು. ಒಂದೇ ಒಂದು ಮರಳಿನ ಕಣ ಸಾಕು, ಆ ತೂತು ಮುಚ್ಚಿಹೋಗುತ್ತದೆ. 1930ರ ದಶಕದಲ್ಲಿ ಕೊಳವೆಗಳೆಲ್ಲ ಲೋಹದವು. ಅವುಗಳಲ್ಲಿ ಸಣ್ಣ ತೂತು ತುಕ್ಕಿನಿಂದಲೇ ಕಟ್ಟಿಕೊಳ್ಳುತ್ತಿತ್ತು. ಬೆಲೆಯೋ, ಹೊಲಕ್ಕೆಲ್ಲ ಹಾಸಲು ಯಾವ ರೈತನಿಗೂ ಎಟುಕದಷ್ಟು.

ಹೀಗಾಗಿ ಮರದ ವಿಚಾರ ಬ್ಲಾಸ್ ಅವರ ತಲೆಯಲ್ಲೇ ಉಳಿಯಿತು. ಅದಕ್ಕೆ ಬೇಕಾದ ವಸ್ತು ಆಗಿನ್ನೂ ಪೇಟೆಗೆ ಬಂದಿರಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿಗಳು ಬೇರೇನನ್ನೋ ಮಾಡಲು ಹೋಗಿ ಮೇಣದಂತಹ ಬಿಳಿ ವಸ್ತುವೊಂದನ್ನು ಪಡೆದರು. ಅದೇ ಪಾಲಿಥೀನ್. 1939ರಲ್ಲಿ ಅದರ ತಯಾರಿಕೆ ಶುರುವಾಯಿತು. ಯುದ್ಧದ ಕಾಲದಲ್ಲಿ ಅದು ರೇಡಾರ್ ಯಂತ್ರದ ತಂತಿಗಳಿಗೆ ಹೊದಿಕೆಯಾಗಿ ಬಳಕೆಯಾಯಿತು. ಅಗ್ಗದ ಕೊಳವೆಯಾಗಿ ಹೊಲಕ್ಕೆ ಬರಲು ಇನ್ನೂ ಹಲವು ವರ್ಷಗಳು ಬೇಕಾದವು.

ದೊಡ್ಡ ಕೊಳವೆಗಳ ಕಾಲ

ಈ ನಡುವೆ ಬ್ಲಾಸ್ ಸುಮ್ಮನೆ ಕೂತಿರಲಿಲ್ಲ. 1937ರಲ್ಲಿ ಮೆಕೊರೋತ್ ಎಂಬ ನೀರಿನ ಸಂಸ್ಥೆ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಬ್ಲಾಸ್ ಒಬ್ಬರು. ಮುಂದೆ ಇಸ್ರೇಲಿನ ಪ್ರಧಾನಿಯಾದ ಲೆವಿ ಎಷ್ಕೋಲ್ ಇನ್ನೊಬ್ಬರು. ಮೆಕೊರೋತ್ ಎಂದರೆ ಮೂಲಗಳು ಎಂದರ್ಥ.

1946ರ ಅಕ್ಟೋಬರಿನಲ್ಲಿ ಒಂದೇ ರಾತ್ರಿಯಲ್ಲಿ ನೆಗೆವ್ ಪ್ರದೇಶದಲ್ಲಿ 11 ಹೊಸ ಯಹೂದಿ ವಸತಿಗಳು ತಲೆಯೆತ್ತಿದವು. ವಸತಿಯೇನೋ ಆಯಿತು, ನೀರು? ಉಕ್ಕಿನ ಕೊಳವೆ ಯುದ್ಧ ಮುಗಿದ ಆ ದಿನಗಳಲ್ಲಿ ಸಿಗುವುದೇ ಕಷ್ಟ. ಬ್ಲಾಸ್ ಲಂಡನ್ನಿನ ಕಡೆ ನೋಡಿದರು. ಯುದ್ಧದಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸುತ್ತಿದ್ದಾಗ ಬೆಂಕಿ ಆರಿಸಲು ಬೀದಿಗಳಲ್ಲಿ ಉಕ್ಕಿನ ಕೊಳವೆಗಳನ್ನು ಹಾಸಿದ್ದರು. ಶಾಂತಿ ಬಂದ ಮೇಲೆ ಅವು ಬೇಡವಾಗಿ ಬಿದ್ದಿದ್ದವು. ಅವನ್ನೇ ಕೊಂಡು ಹಡಗಿನಲ್ಲಿ ತಂದು ನೆಗೆವ್‌ಗೆ ನೀರಿನ ಮಾರ್ಗ ಹಾಕಲಾಯಿತು. ಲಂಡನ್ನಿನ ಬೆಂಕಿ ಆರಿಸಿದ ಕೊಳವೆಗಳು ಮರುಭೂಮಿಯ ಬಾಯಾರಿಕೆ ತಣಿಸಿದವು. ಆ ಹನ್ನೊಂದು ವಸತಿಗಳಲ್ಲಿ ಹತ್ಸೆರಿಮ್ ಎಂಬುದೂ ಒಂದು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬ್ಲಾಸ್ ಸರ್ಕಾರದ ನೀರಿನ ಯೋಜನೆಗಳ ಪ್ರಮುಖ ಇಂಜಿನಿಯರ್ ಆದರು. ಉತ್ತರದ ಗೆಲಿಲಿ ಸರೋವರದ ನೀರನ್ನು ದಕ್ಷಿಣಕ್ಕೆ ಒಯ್ಯುವ ಬೃಹತ್ ಕಾಲುವೆ ಮತ್ತು ಕೊಳವೆಯ ಯೋಜನೆ ಅವರ ಜೀವನದ ದೊಡ್ಡ ಕನಸಾಗಿತ್ತು. ಅದರ ನಕ್ಷೆಗಾಗಿ ವರ್ಷಗಟ್ಟಲೆ ದುಡಿದರು. ಆದರೆ ಕೆಲಸ ನಡೆಸುವ ಬಗೆಯಲ್ಲಿ ಭಿನ್ನಾಭಿಪ್ರಾಯಗಳು ಬಂದು 1950ರ ದಶಕದ ಮಧ್ಯಭಾಗದಲ್ಲಿ ಅವರು ಸರ್ಕಾರಿ ಕೆಲಸದಿಂದ ಹೊರಬಂದರು. ಸುಮಾರು 130 ಕಿಲೋಮೀಟರ್ ಉದ್ದದ ಆ ಯೋಜನೆ 1964ರಲ್ಲಿ ಪೂರ್ಣಗೊಂಡಾಗ ಅದನ್ನು ಮುಗಿಸಿದವರು ಬೇರೆಯವರು.

ಆಗ ಬ್ಲಾಸ್ ಅವರಿಗೆ ಅರವತ್ತು ಹತ್ತಿರವಾಗಿತ್ತು. ಬಹಳ ಜನ ವಿಶ್ರಾಂತಿ ಬಯಸುವ ವಯಸ್ಸು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ಒಯ್ಯುವ ಕನಸು ಕೈತಪ್ಪಿದ ಮನುಷ್ಯ ಈಗ ಒಂದು ಹನಿಯ ಕಡೆಗೆ ತಿರುಗಿದರು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ತಿರುವು.

ಉದ್ದ ದಾರಿಯ ಉಪಾಯ

ಈ ಹೊತ್ತಿಗೆ ಪ್ಲಾಸ್ಟಿಕ್ ಕೊಳವೆಗಳು ಪೇಟೆಯಲ್ಲಿ ಸಿಗತೊಡಗಿದ್ದವು. ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ, ಬೇಕಾದಂತೆ ಬಾಗುತ್ತವೆ. ಬ್ಲಾಸ್ ಸ್ವಂತ ಕಚೇರಿ ತೆರೆದು, ಮಗ ಯೆಷಯಾಹು ಜೊತೆ ಸೇರಿ ಪ್ರಯೋಗಗಳನ್ನು ಆರಂಭಿಸಿದರು.

ತೂತು ಚಿಕ್ಕದಾದರೆ ಕಟ್ಟಿಕೊಳ್ಳುತ್ತದೆ, ದೊಡ್ಡದಾದರೆ ನೀರು ಚಿಮ್ಮುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಅವರು ಕಂಡುಕೊಂಡ ಉಪಾಯ ಬಹಳ ಸರಳ. ತೂತನ್ನು ಕಿರಿದು ಮಾಡುವ ಬದಲು ನೀರಿನ ದಾರಿಯನ್ನೇ ಉದ್ದ ಮಾಡಿದರು! ತೆಳ್ಳಗಿನ ಉದ್ದ ನಳಿಕೆಯನ್ನು ಕೊಳವೆಗೆ ಸುರುಳಿಯಾಗಿ ಸುತ್ತಿದರು. ನೀರು ಈ ಸುರುಳಿಯ ಉದ್ದಕ್ಕೂ ಗೋಡೆಗೆ ಉಜ್ಜುತ್ತ ಸಾಗಬೇಕು. ಉಜ್ಜಿದಂತೆಲ್ಲ ಘರ್ಷಣೆಯಿಂದ ಅದರ ಒತ್ತಡ ಕಡಿಮೆಯಾಗುತ್ತದೆ. ಕೊನೆಗೆ ಹೊರಬರುವಾಗ ಅದಕ್ಕೆ ಚಿಮ್ಮುವ ಶಕ್ತಿ ಉಳಿದಿರುವುದಿಲ್ಲ, ತೊಟ್ಟಿಕ್ಕುತ್ತದೆ. ದಾರಿ ತಕ್ಕಮಟ್ಟಿಗೆ ಅಗಲವಾಗಿರುವುದರಿಂದ ಸಣ್ಣಪುಟ್ಟ ಕಣಗಳು ಸಿಕ್ಕಿಕೊಳ್ಳದೆ ಹೊರಗೆ ಹೋಗುತ್ತವೆ. ಜಾತ್ರೆಯಲ್ಲಿ ಜನ ನುಗ್ಗದಂತೆ ಗುಡಿಯ ಮುಂದೆ ಬಳಸು ದಾರಿಯ ಸಾಲು ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ.

ಇದನ್ನು ನೀವೇ ಪರೀಕ್ಷಿಸಬಹುದು. ಮೀನಿನ ತೊಟ್ಟಿಗೆ ಗಾಳಿ ಬಿಡಲು ಬಳಸುವ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಮೀಟರಿನದೊಂದು, ನಾಲ್ಕು ಮೀಟರಿನದೊಂದು ತುಂಡು ಮಾಡಿ. ಬೆಂಚಿನ ಮೇಲೆ ಒಂದು ಬಕೆಟ್ ನೀರಿಡಿ. ಎರಡೂ ತುಂಡುಗಳಲ್ಲಿ ನೀರು ತುಂಬಿಸಿ, ಒಂದೊಂದು ತುದಿ ಬಕೆಟ್ಟಿನಲ್ಲಿ ಮುಳುಗಿರಲಿ, ಇನ್ನೊಂದು ತುದಿ ಕೆಳಗೆ ಒಂದೇ ಮಟ್ಟದಲ್ಲಿಟ್ಟ ಲೋಟಗಳಲ್ಲಿರಲಿ. ಉದ್ದನೆಯದನ್ನು ಸುರುಳಿ ಸುತ್ತಿಡಿ. ಎರಡು ಲೋಟ ತುಂಬಲು ಎಷ್ಟೆಷ್ಟು ಸೆಕೆಂಡ್ ಬೇಕಾಯಿತು? ಎರಡೂ ಕೊಳವೆಯ ಬಾಯಿ ಒಂದೇ ಅಗಲ, ಆದರೂ ಉದ್ದನೆಯದರಿಂದ ನೀರು ನಿಧಾನವಾಗಿ ಬರುವುದನ್ನು ಕಾಣುವಿರಿ. (ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಸಲೈನ್ ನಳಿಕೆಗಳನ್ನು ಮಾತ್ರ ಯಾವ ಪ್ರಯೋಗಕ್ಕೂ ಮುಟ್ಟಬೇಡಿ.)

ಉಪಾಯ ಹೊಳೆದರೆ ಸಾಲದು, ಹೊಲದಲ್ಲಿ ಗೆಲ್ಲಬೇಕು. ಆರಂಭದ ಪ್ರಯೋಗಗಳಲ್ಲಿ ಕೊಳವೆಗಳನ್ನು ನೆಲದೊಳಗೆ ಹೂಳುತ್ತಿದ್ದರು. ನೀರಿನ ವಾಸನೆ ಹಿಡಿದಂತೆ ಬೇರುಗಳು ಬಂದು ಹನಿ ಬೀಳುವ ಬಾಯಿಗಳಲ್ಲೇ ನುಗ್ಗಿ ಅವನ್ನು ಮುಚ್ಚಿಬಿಡುತ್ತಿದ್ದವು. ಕೊಳವೆಯನ್ನು ನೆಲದ ಮೇಲೆ ಹಾಸಿದಾಗ ಈ ತೊಂದರೆ ತಪ್ಪಿತು. ಕೃಷಿ ತಜ್ಞರಲ್ಲಿ ಅನೇಕರಿಗೆ ಈ ಹೊಸ ಪದ್ಧತಿಯಲ್ಲಿ ನಂಬಿಕೆ ಬರಲಿಲ್ಲ. ಹೊಲವೆಲ್ಲ ಒಣಗಿದ್ದು ಗಿಡದ ಬುಡವಷ್ಟೇ ಒದ್ದೆಯಾಗಿದ್ದರೆ ಬೆಳೆ ಬರುವುದು ಹೇಗೆ ಎಂಬುದು ಅವರ ಸಂದೇಹ. ಸಾವಿರಾರು ವರ್ಷಗಳಿಂದ ನೀರಾವರಿ ಎಂದರೆ ನೆಲ ನೆನೆಸುವುದು. ಇಲ್ಲಿ ನೆನೆಸಬೇಕಾದದ್ದು ನೆಲವಲ್ಲ, ಬೇರು. ಈ ವ್ಯತ್ಯಾಸ ಮನಸ್ಸಿಗೆ ಇಳಿಯಲು ಸಮಯ ಹಿಡಿಯಿತು.

ಮತ್ತೆ ಹತ್ಸೆರಿಮ್

ಈಗ ಹತ್ಸೆರಿಮ್‌ಗೆ ಬರೋಣ. ಅದೊಂದು ಕಿಬ್ಬುತ್ಸ್. ಅಂದರೆ ಜಮೀನು, ದುಡಿಮೆ, ಆದಾಯ ಎಲ್ಲವನ್ನೂ ಒಟ್ಟಾಗಿ ಹಂಚಿಕೊಂಡು ಬಾಳುವ ಊರು. ಲಂಡನ್ನಿನ ಕೊಳವೆಗಳಿಂದ ನೀರು ಬಂದಿದ್ದರೂ ಅಲ್ಲಿನ ಮಣ್ಣು ಕ್ಷಾರದಿಂದ ಕೆಟ್ಟಿತ್ತು. 1959ರ ಹೊತ್ತಿಗೆ ಊರನ್ನೇ ಬಿಟ್ಟುಹೋಗುವುದೋ ಬೇಡವೋ ಎಂಬ ಚರ್ಚೆ ನಡೆಯಿತು. ಜನ ಉಳಿಯಲು ನಿರ್ಧರಿಸಿದರು. ಕೃಷಿಯೊಂದನ್ನೇ ನಂಬಿ ಬದುಕುವುದು ಕಷ್ಟ, ಒಂದು ಸಣ್ಣ ಕಾರ್ಖಾನೆಯಾದರೂ ಬೇಕು ಎಂದು ಹುಡುಕುತ್ತಿದ್ದರು.

1965ರಲ್ಲಿ ಬ್ಲಾಸ್ ಮತ್ತು ಈ ಊರಿನ ನಡುವೆ ಒಪ್ಪಂದವಾಯಿತು. ಕಂಪನಿಗೆ ನೆತಾಫಿಮ್ ಎಂದು ಹೆಸರಿಟ್ಟರು. ಹೆಸರಿನಲ್ಲೇ ಹನಿ ಇದೆ. 1966ರಲ್ಲಿ ತಯಾರಿಕೆ ಶುರುವಾಯಿತು. ಸುರುಳಿ ನಳಿಕೆಯ ಜಾಗದಲ್ಲಿ ಈಗ ಬೆರಳಿನಷ್ಟು ಪುಟ್ಟ ಪ್ಲಾಸ್ಟಿಕ್ ಬಿಡಿಭಾಗ ಬಂದಿತ್ತು. ಅದರೊಳಗೆ ತಿರುಪು ಮೊಳೆಯ ಗಾಡಿಯಂತೆ ಸುತ್ತು ಸುತ್ತು ದಾರಿ. ಇದೇ ಡ್ರಿಪ್ಪರ್. ಆಮೇಲೆ ಬಂದ ಡ್ರಿಪ್ಪರುಗಳಲ್ಲಿ ದಾರಿ ಅಂಕುಡೊಂಕಾಯಿತು. ನೀರು ಸುಳಿ ಸುಳಿಯಾಗಿ ಹರಿಯುವುದರಿಂದ ಕೊಳೆ ನಿಲ್ಲುವುದು ಇನ್ನೂ ಕಡಿಮೆಯಾಯಿತು.

ಬ್ಲಾಸ್ 1973ರಲ್ಲಿ ತಮ್ಮ ನೀರಿನ ಬದುಕಿನ ನೆನಪುಗಳನ್ನು ಹೀಬ್ರೂ ಭಾಷೆಯಲ್ಲಿ ಪುಸ್ತಕವಾಗಿ ಬರೆದರು. 1982ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಹನಿ ನೀರಾವರಿ ಹಲವು ದೇಶಗಳಿಗೆ ಹಬ್ಬಿತ್ತು.

ಭಾರತದಲ್ಲಿ 1970ರ ದಶಕದಲ್ಲಿ ಪ್ರಯೋಗಗಳು ನಡೆದು, 1980ರ ದಶಕದ ಕೊನೆಯಿಂದ ಇದು ರೈತರ ಬಳಿಗೆ ಬಂತು. ಬಾಗಲಕೋಟೆ ಜಿಲ್ಲೆಯ ಹುನಗುಂದ ಭಾಗದ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿಯ ಜಾಲವನ್ನು ಹಾಸಲಾಯಿತು. ಅದನ್ನು ಹಾಸಿದ ಕಂಪನಿಗಳಲ್ಲಿ ಹತ್ಸೆರಿಮ್‌ನ ನೆತಾಫಿಮ್ ಕೂಡ ಇತ್ತು. ಕೊಳವೆ ಹಾಸುವುದು ಒಮ್ಮೆಯ ಕೆಲಸ, ನೋಡಿಕೊಳ್ಳುವುದು ದಿನದಿನದ ಕೆಲಸ. ಇಲಿ ಅಳಿಲುಗಳು ಕೊಳವೆ ಕಡಿಯುತ್ತವೆ, ಸುಣ್ಣದಂಶವಿರುವ ಕೊಳವೆಬಾವಿ ನೀರು ಡ್ರಿಪ್ಪರಿನೊಳಗೆ ಬಿಳಿ ಪೊರೆ ಕಟ್ಟುತ್ತದೆ. ಉಳಿಸಿದ ನೀರಿನಲ್ಲಿ ಇನ್ನೆರಡು ಎಕರೆ ಬೆಳೆ ಹೆಚ್ಚಿಸಿದರೆ ಬಾವಿಯ ನೀರು ಉಳಿಯುವುದೂ ಇಲ್ಲ. ಇದು ಡ್ರಿಪ್ಪರಿನ ತಪ್ಪಲ್ಲ.

ನಿಮ್ಮ ಕೈತೋಟಕ್ಕೆ ಒಂದು ಲೆಕ್ಕ

ಬ್ಲಾಸ್ ದೊಡ್ಡ ಕೊಳವೆಗೂ ಸಣ್ಣ ಹನಿಗೂ ಮೊದಲು ಲೆಕ್ಕ ಹಾಕುತ್ತಿದ್ದರು. ಶಾಲೆಯ ಅಥವಾ ಮನೆಯ ಕೈತೋಟಕ್ಕೂ ಲೆಕ್ಕದಿಂದಲೇ ಹೊರಡೋಣ. ನೀರು ಮಳೆಯದೇ ಇರಲಿ. ನೆಗೆವ್‌ನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಬಾಳಿದ ನಬಾತಿಯನ್ನರು ಬಂಡೆ ಕೊರೆದು ಮಳೆನೀರಿನ ತೊಟ್ಟಿಗಳನ್ನು ಮಾಡಿಕೊಂಡಿದ್ದರು. ನಮ್ಮ ಬಳಿ ಶಾಲೆಯ ಮಾಳಿಗೆಯಿದೆ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಇದು ನೆನಪಿಡಲು ಸುಲಭ. 10 ಮೀಟರ್ ಉದ್ದ, 6 ಮೀಟರ್ ಅಗಲದ ಮಾಳಿಗೆ ಎಂದರೆ 60 ಚದರ ಮೀಟರ್. ಒಂದು ಸಂಜೆ 20 ಮಿಲಿಮೀಟರ್ ಮಳೆಯಾದರೆ 1,200 ಲೀಟರ್. ಮಾಳಿಗೆ ಹೀರಿದ್ದು, ಆವಿಯಾದದ್ದು, ಹೊರಗೆ ಚೆಲ್ಲಿದ್ದು ಎಂದು ಐದರಲ್ಲಿ ಒಂದು ಭಾಗ ಬಿಟ್ಟರೂ 960 ಲೀಟರ್ ಉಳಿಯುತ್ತದೆ. ಮೊದಲ ಕೆಲವು ನಿಮಿಷದ ಮಳೆ ಧೂಳು, ಎಲೆ, ಹಕ್ಕಿ ಹಿಕ್ಕೆಗಳನ್ನು ತೊಳೆದು ತರುತ್ತದೆ. ಅದನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಬೇಕು.

ತೋಟದಲ್ಲಿ ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಸೇರಿ 40 ಗಿಡಗಳಿವೆ ಎನ್ನಿ. ಹನಿಯಲ್ಲಿ ಗಿಡಕ್ಕೆ ದಿನಕ್ಕೆ ಒಂದು ಲೀಟರ್ ಕೊಟ್ಟರೆ ದಿನಕ್ಕೆ 40 ಲೀಟರ್. ಆ ಒಂದು ಸಂಜೆಯ ಮಳೆ 24 ದಿನಕ್ಕೆ ಬರುತ್ತದೆ. ಅದೇ ಬಕೆಟ್ಟಿನಿಂದ ಗಿಡಕ್ಕೆ ಮೂರು ಲೀಟರಿನಂತೆ ಸುರಿದರೆ ಎಂಟೇ ದಿನಕ್ಕೆ ತೊಟ್ಟಿ ಖಾಲಿ. ಡಿಸೆಂಬರಿನಿಂದ ಏಪ್ರಿಲ್ ವರೆಗೆ ಸುಮಾರು 150 ದಿನ ಮಳೆಯಿಲ್ಲ ಎಂದುಕೊಂಡರೆ ಹನಿಗೆ 6,000 ಲೀಟರಿನ ತೊಟ್ಟಿ ಬೇಕು. ಅಷ್ಟು ದೊಡ್ಡ ತೊಟ್ಟಿ ಇಲ್ಲದಿದ್ದರೆ ಬೇಸಿಗೆಯಲ್ಲಿ ಗಿಡಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕು. ತೊಟ್ಟಿಯ ಅಳತೆ ನೋಡಿ ಗಿಡ ನೆಡಬೇಕೇ ಹೊರತು ಗಿಡ ನೆಟ್ಟು ಆಮೇಲೆ ನೀರು ಹುಡುಕುವುದಲ್ಲ. ಬಿಸಿಯೂಟಕ್ಕೆ ತರಕಾರಿ, ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಹಾಕಬಹುದು. ಆದರೆ ಅದನ್ನು ಕೈಯಿಂದ ಹಾಕಿ, ಡ್ರಿಪ್ ಕೊಳವೆಗೆ ಬಿಡಬೇಡಿ.

ತೊಟ್ಟಿಯನ್ನು ಕಟ್ಟೆಯ ಮೇಲಿಡಿ. ಅಂಗಡಿಯ ಡ್ರಿಪ್ಪರಿನ ಮೇಲೆ ಗಂಟೆಗೆ 2 ಲೀಟರ್ ಎಂದು ಬರೆದಿದ್ದರೆ ಅದು ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ ಮಾತು. ನಿಮ್ಮ ತೊಟ್ಟಿ ಒಂದೇ ಮೀಟರ್ ಎತ್ತರದಲ್ಲಿದ್ದರೆ ಅದರ ಮೂರನೇ ಒಂದು ಭಾಗದಷ್ಟು ಬರಬಹುದು. ಹಾಗಾಗಿ ಮೊದಲ ದಿನ ಒಂದು ಡ್ರಿಪ್ಪರಿನ ಕೆಳಗೆ ಗುಂಡಿ ಮಾಡಿ ಒಂದು ಲೀಟರಿನ ಬಾಟಲಿ ಇಟ್ಟು ಅದು ತುಂಬಲು ಎಷ್ಟು ಹೊತ್ತಾಗುತ್ತದೆ ನೋಡಿ. ಮರುದಿನದಿಂದ ಅಷ್ಟೇ ಹೊತ್ತು ನೀರು ಬಿಡಿ. ತೊಟ್ಟಿಗೆ ಹತ್ತಿರದ ಗಿಡಕ್ಕೂ ಸಾಲಿನ ಕೊನೆಯ ಗಿಡಕ್ಕೂ ಬಾಟಲಿ ಇಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು. ಕೊನೆಯದರಲ್ಲಿ ನೀರು ತೀರಾ ಕಡಿಮೆ ಬಂದರೆ ಸಾಲು ಉದ್ದವಾಗಿದೆ ಎಂದರ್ಥ, ಅದನ್ನು ಎರಡು ಮಾಡಿ.

ತೊಟ್ಟಿಯಿಂದ ಹೊರಡುವ ಕೊಳವೆಗೆ ಫಿಲ್ಟರ್ ಇರಲೇಬೇಕು. ಕೊಳವೆ ಸಾಲಿನ ತುದಿಯನ್ನು ಮಡಚಿ ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ನೀರು ಹರಿಯಬಿಡಿ, ಒಳಗೆ ಕೂತ ಕೆಸರು ಹೊರಬರುತ್ತದೆ. ತೊಟ್ಟಿಯ ಮುಚ್ಚಳ ಬಿಗಿಯಾಗಿರಲಿ. ಸಂದುಗಳಿಗೆ ಸೊಳ್ಳೆ ಪರದೆ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಶುದ್ಧ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಬೆಳಕು ಬೀಳದಿದ್ದರೆ ಪಾಚಿಯೂ ಕಟ್ಟುವುದಿಲ್ಲ. ಗಿಡದ ಬುಡಕ್ಕೆ ಒಣ ಎಲೆ, ಹುಲ್ಲು ಹೊದಿಸಿದರೆ ಹನಿಯಾಗಿ ಬಂದ ನೀರು ಬಿಸಿಲಿಗೆ ಹೋಗುವುದು ಇನ್ನೂ ಕಡಿಮೆ.

ಎಲ್ಲ ಮುಗಿದ ಮೇಲೆ ಬ್ಲಾಸ್ ಮಾಡಿದ ಕೆಲಸವನ್ನು ನೀವೂ ಮಾಡಿ. ಗಿಡವಿಲ್ಲದ ಒಣ ಜಾಗದಲ್ಲಿ ಒಂದು ಡ್ರಿಪ್ಪರಿನಿಂದ ಒಂದು ಲೀಟರ್ ನೀರು ತೊಟ್ಟಿಕ್ಕಲು ಬಿಡಿ. ಮೇಲಿನ ಒದ್ದೆ ಕಲೆಯ ಅಗಲವನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ನಂತರ ಕಲೆಯ ನಡುವಿನಿಂದ ನೇರವಾಗಿ ಕೆಳಗೆ ಅಗೆದು ಒಂದು ಬದಿಯ ಮಣ್ಣು ತೆಗೆಯಿರಿ. ಒದ್ದೆ ಮಣ್ಣು ಎಷ್ಟು ಆಳಕ್ಕೆ ಹೋಗಿದೆ, ಎಷ್ಟು ಅಗಲಕ್ಕೆ ಹರಡಿದೆ? ಈರುಳ್ಳಿಯಂತಿದೆಯೇ, ಮೂಲಂಗಿಯಂತಿದೆಯೇ? ಚಿತ್ರ ಬರೆದು ಅಳತೆ ಗುರುತಿಸಿ. ಬೇರೆ ಮಣ್ಣಿನ ಊರಿನಲ್ಲಿ ನಿಮ್ಮ ನೆಂಟರ ಮಕ್ಕಳಿದ್ದರೆ ಅವರಿಗೂ ಮಾಡಲು ಹೇಳಿ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ.